ಹಾಡು ಕಳಿಸುವಾಗ ನಾಲ್ಕು ಮಾತೂ ಕಳಿಸು

ಹೊಸ ಹಾಡೊಂದು ಸಿಕ್ಕರೆ ಸುಮ್ಮನಿರಲಾಗದ ನಿನ್ನ ಗುಣ ನನಗೆ ಬಹಳ ಇಷ್ಟ, ಮಗಳೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮೊನ್ನೆ ಫೋನಿನಲ್ಲಿ ನೀನು, 'ಇನ್ನು ಮೇಲೆ ಯಾರಿಗೂ ಏನೂ ಕಳಿಸಲ್ಲ ದೊಡ್ಡಮ್ಮ. ಮನೆ ಗ್ರೂಪಿಗೆ ಎಷ್ಟು ಹಾಡು ಹಾಕಿದರೂ ಒಬ್ಬರೂ ಕೇಳಲ್ಲ. ನೀಲಿ ಟಿಕ್ ಬೀಳುತ್ತೆ, ಅಷ್ಟೇ' ಎಂದೆ. ದನಿಯಲ್ಲಿ ನಿಜವಾದ ನೋವಿತ್ತು. ಅಂಥ ನಿರ್ಧಾರ ಮಾಡಬೇಡ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಳಿಸುವುದನ್ನು ಬಿಡಬೇಡ. ಕಳಿಸುವ ರೀತಿಯನ್ನು ಒಂಚೂರು ಬದಲಿಸಿ ನೋಡು.

ಒಳ್ಳೆಯ ಹಾಡು ಕೇಳಿದ ಕೂಡಲೇ ಇನ್ನೊಬ್ಬರಿಗೂ ಕೇಳಿಸಬೇಕು ಅನ್ನಿಸುತ್ತದಲ್ಲ, ಅದನ್ನು ಹುಡುಗಾಟ ಎಂದು ಯಾರಾದರೂ ಅಂದರೆ ನಂಬಬೇಡ. ಸಂಗೀತ ಇಲ್ಲಿಯವರೆಗೆ ದಾಟಿಕೊಂಡು ಬಂದಿರುವುದೇ ಆ ತಹತಹದಿಂದ. ನಮ್ಮ ಗದಗಿನಲ್ಲಿ ನಡೆದದ್ದನ್ನೇ ನೋಡು. 1930ರ ದಶಕದ ಆರಂಭ. ಊರಿನ ಅಂಗಡಿಯೊಂದರಲ್ಲಿ ಗ್ರಾಮಫೋನ್ ಹಾಡುತ್ತಿತ್ತು. ಉಸ್ತಾದ್ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮರಿಯ ಮುದ್ರಿಕೆ ಅದು. ಶಾಲೆಗೆ ಹೋಗುವ ಹುಡುಗನೊಬ್ಬ ಅದನ್ನು ಕೇಳಿದ. ಹೀಗೆ ಹಾಡುವುದನ್ನು ಕಲಿಯಲೇಬೇಕೆಂಬ ಹಟ ಹಿಡಿದು 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟ. ಗ್ವಾಲಿಯರ್ ಮೊದಲಾದ ಊರುಗಳನ್ನೆಲ್ಲ ಸುತ್ತಿದ ಮೇಲೆ ಗುರು ಸಿಕ್ಕಿದ್ದು ಮನೆಗೆ ಹತ್ತಿರದ ಕುಂದಗೋಳದಲ್ಲಿ. ಅವರು ಸವಾಯಿ ಗಂಧರ್ವರು, ಆ ಮುದ್ರಿಕೆಯಲ್ಲಿ ಹಾಡಿದ್ದ ಕರೀಂ ಖಾನರ ಶಿಷ್ಯರೇ. ಆ ಹುಡುಗ ಮುಂದೆ ಪಂಡಿತ ಭೀಮಸೇನ ಜೋಶಿಯವರಾದರು.

ಈ ಕಥೆಯನ್ನು ಹೇಳುವವರೆಲ್ಲ ಹುಡುಗನ ಹಟವನ್ನು ಹೊಗಳುತ್ತಾರೆ. ನನಗೆ ಅಂಗಡಿಯವನೂ ಅಷ್ಟೇ ಮುಖ್ಯ. ಅವನು ಆ ಮುದ್ರಿಕೆಯನ್ನು ತನ್ನಷ್ಟಕ್ಕೆ ಮನೆಯಲ್ಲಿ ಕೇಳಿಕೊಂಡಿದ್ದರೆ? ನಾಲ್ಕು ಜನ ಕೇಳಲಿ ಎಂದು ಅಂಗಡಿಯಲ್ಲಿ ಹಾಕಿದ್ದರಿಂದಲೇ ಅದು ದಾರಿಯಲ್ಲಿ ಹೋಗುವ ಹುಡುಗನ ಕಿವಿಗೆ ಬಿತ್ತು. ಭೀಮಸೇನರು ಕೂಡ ತಮಗೆ ಸಿಕ್ಕಿದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಗುರುಗಳು ತೀರಿಕೊಂಡ ಮರುವರ್ಷ, 1953ರಲ್ಲಿ, ಅವರ ಹೆಸರಿನಲ್ಲಿ ಪುಣೆಯಲ್ಲಿ ಸಂಗೀತೋತ್ಸವ ಶುರುಮಾಡಿದರು. ಅಲ್ಲಿ ತಾವು ಹಾಡಿದರು, ಬೇರೆಯವರನ್ನು ಕರೆದು ಹಾಡಿಸಿದರು. ಕೇಳಿದ್ದನ್ನು ಕೇಳಿಸುವ ಕೆಲಸ ಚಿಕ್ಕದಲ್ಲ, ನೆನಪಿಡು.

ಶಿಶುನಾಳ ಶರೀಫರ ಹಾಡುಗಳು ನಿನ್ನ ಫೋನಿಗೆ ಹೇಗೆ ಬಂದವು ಎಂದು ಯಾವತ್ತಾದರೂ ಯೋಚಿಸಿದ್ದೀಯಾ? ಶರೀಫರು 1889ರಲ್ಲಿ ತೀರಿಕೊಂಡರು. ಅವರ ಹಾಡನ್ನು ಯಾವ ಯಂತ್ರವೂ ಹಿಡಿದಿಡಲಿಲ್ಲ. ಹಳ್ಳಿಗಳ ಭಜನೆಯವರು, ತತ್ವಪದ ಹಾಡುವವರು ಅವನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದರು. ಆಮೇಲೆ ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಅವರ ದನಿಯಲ್ಲಿ ಕ್ಯಾಸೆಟ್ಟಿಗೆ ಬಂದು ನಾಡೆಲ್ಲ ಹರಡಿದವು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶರೀಫರನ್ನು ಗಿಟಾರು, ಡ್ರಮ್ಮುಗಳ ಜೊತೆ ಹಾಡಿದರು. ನೀನು ಕೇಳಿದ್ದು ಅದನ್ನು. ಈ ದಾರಿಯ ಪ್ರತಿ ತಿರುವಿನಲ್ಲೂ ಒಬ್ಬರು ನಿಂತು, 'ಇದು ಎಷ್ಟು ಚೆನ್ನಾಗಿದೆ, ನೀನೂ ಕೇಳು' ಎಂದಿದ್ದಾರೆ. ಆ ಸಾಲಿನಲ್ಲಿ ನೀನೂ ಒಬ್ಬಳು.

ಹಾಗಿದ್ದ ಮೇಲೆ ಮನೆಯವರು ಯಾಕೆ ಕೇಳುವುದಿಲ್ಲ? ಅವರಿಗೆ ನಿನ್ನ ಮೇಲೆ ಪ್ರೀತಿ ಇಲ್ಲವೆಂದಲ್ಲ, ಹಾಡಿನ ಮೇಲೆ ಆಸೆ ಇಲ್ಲವೆಂದೂ ಅಲ್ಲ. ನಿನ್ನ ಲಿಂಕು ಆ ಕಡೆ ಹೇಗೆ ಹೋಗಿ ಬೀಳುತ್ತದೆ ಎಂದು ಒಂದು ಕ್ಷಣ ನೋಡು. ನಿಮ್ಮಪ್ಪ ಬ್ಯಾಂಕಿನ ಕೌಂಟರಿನಲ್ಲಿ ಕೂತಿರುತ್ತಾರೆ. ಮಾವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುತ್ತಾನೆ. ಗ್ರೂಪಿನಲ್ಲಿ ಬೆಳಗಿನ ಸುಭಾಷಿತ, ಯಾರದೋ ಹುಟ್ಟುಹಬ್ಬದ ಕೇಕು, ಬೆಲ್ಲದ ನೀರಿನ ಮದ್ದು, ನಡುವೆ ನಿನ್ನ ನೀಲಿ ಅಕ್ಷರದ ಒಂದು ಸಾಲು. ಅದರ ಕೆಳಗೆ ಬೆಂಕಿಯ ಮೂರು ಚಿತ್ರ. ಯಾರ ಹಾಡು, ಯಾಕೆ ಕೇಳಬೇಕು, ಎಷ್ಟು ಹೊತ್ತಿನದು, ಒಂದೂ ಗೊತ್ತಾಗುವುದಿಲ್ಲ. ಪರಿಚಯವಿಲ್ಲದ ಅತಿಥಿಯನ್ನು ಬಾಗಿಲಲ್ಲಿ ನಿಲ್ಲಿಸಿ ನೀನು ಹೊರಟುಹೋದ ಹಾಗೆ ಅದು. ಒಳಗೆ ಕರೆಯಬೇಕಾದವರು ಗೊಂದಲಕ್ಕೆ ಬೀಳುತ್ತಾರೆ.

ನಮ್ಮ ಕಾಲದಲ್ಲಿ ಹಾಡು ಹಂಚಿಕೊಳ್ಳುವುದು ಸಲೀಸಾಗಿರಲಿಲ್ಲ. ರೇಡಿಯೋದ ಕೋರಿಕೆ ಕಾರ್ಯಕ್ರಮಕ್ಕೆ ಕಾರ್ಡು ಬರೆದು ಅಂಚೆಗೆ ಹಾಕಿ, ನಮ್ಮ ಹೆಸರು, ಊರಿನ ಹೆಸರು ಯಾವತ್ತು ಓದುತ್ತಾರೋ ಎಂದು ಕಾಯಬೇಕಿತ್ತು. ಗೆಳತಿಗೆ ಹಾಡು ಕೊಡಬೇಕೆಂದರೆ ಖಾಲಿ ಕ್ಯಾಸೆಟ್ಟು ಕೊಂಡು, ಎರಡು ಟೇಪ್ ರೆಕಾರ್ಡರ್ ಹೊಂದಿಸಿ, ಹಾಡು ಮುಗಿಯುವವರೆಗೂ ಪಕ್ಕದಲ್ಲೇ ಕೂತು, ಕೊನೆಗೆ ಒಳಗಿನ ಕಾಗದದ ಮೇಲೆ ಹಾಡಿನ ಹೆಸರನ್ನೂ ಹಾಡಿದವರ ಹೆಸರನ್ನೂ ಸಣ್ಣ ಅಕ್ಷರದಲ್ಲಿ ಬರೆಯಬೇಕಿತ್ತು. ಆ ಕ್ಯಾಸೆಟ್ಟು ಕೈಗೆ ಬಂದಾಗಲೇ ಗೆಳತಿಗೆ ಗೊತ್ತಾಗುತ್ತಿತ್ತು, ಇದು ತನಗೋಸ್ಕರ ಮಾಡಿದ್ದು ಎಂದು. ಈಗ ಬೆರಳು ಒತ್ತಿದರೆ ಹಾಡು ಹೋಗುತ್ತದೆ. ಒಳ್ಳೆಯದೇ ಆಯಿತು, ಆ ತಾಪತ್ರಯ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಅಂದು ಶ್ರಮ ಹೇಳುತ್ತಿದ್ದದ್ದನ್ನು ಇಂದು ನಿನ್ನ ಮಾತು ಹೇಳಬೇಕು.

ಹಾಗಾಗಿ ನನ್ನ ಮೊದಲ ಮಾತು: ಗ್ರೂಪಿಗೆ ಹಾಕುವ ಬದಲು ಒಬ್ಬರಿಗೆ ಕಳಿಸು. ಹದಿನೆಂಟು ಜನಕ್ಕೆ ಕಳಿಸಿದ್ದನ್ನು ಪ್ರತಿಯೊಬ್ಬರೂ ಉಳಿದ ಹದಿನೇಳು ಜನ ಕೇಳುತ್ತಾರೆ ಎಂದುಕೊಳ್ಳುತ್ತಾರೆ. ಒಬ್ಬರಿಗೇ ಕಳಿಸಿದರೆ ಆ ಒಬ್ಬರಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ, ತಪ್ಪಿಸಿಕೊಳ್ಳುವ ಮನಸ್ಸೂ ಬರುವುದಿಲ್ಲ. ಇನ್ನು ವಾಟ್ಸಾಪ್ ಕಂಪನಿಯೇ 2020ರಲ್ಲಿ, ಹಲವು ಸಲ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸುವಂತೆ ಮಿತಿ ಹಾಕಿತು. ಅವರು ಅದನ್ನು ಮಾಡಿದ್ದು ಸುಳ್ಳು ಸುದ್ದಿ ಹರಡದಿರಲಿ ಎಂದು. ಒಳ್ಳೆಯ ಹಾಡಿಗೆ ಆ ಮಿತಿಯನ್ನು ನೀನೇ ಹಾಕಿಕೋ. ಈ ಹಾಡು ಯಾರಿಗೆ ಹಿಡಿಸೀತು ಎಂದು ಯೋಚಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಆ ಯೋಚನೆಯಲ್ಲಿ ನೀನು ಹಾಡನ್ನೂ ಇನ್ನೊಮ್ಮೆ ನೋಡುತ್ತೀಯ, ಆ ಮನುಷ್ಯರನ್ನೂ ನೋಡುತ್ತೀಯ.

ಎರಡನೆಯದು, ನಿನ್ನ ಮಾತಿನಲ್ಲಿ ನಾಲ್ಕು ಸಾಲು ಬರೆ. 'ಸೂಪರ್', 'ಬೆಂಕಿ', 'ಮಸ್ಟ್ ವಾಚ್' ಎಂಬ ಮಾತುಗಳು ಎಲ್ಲ ಹಾಡಿಗೂ ಹೊಂದುತ್ತವೆ, ಅದಕ್ಕೇ ಯಾವ ಹಾಡಿನ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಕುಂದಾಪುರದ ಕಡೆಯ ನನ್ನ ಗೆಳತಿಯೊಬ್ಬಳು ಒಮ್ಮೆ ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಹಳೆಯ ಧ್ವನಿಮುದ್ರಣವೊಂದನ್ನು ಯೂಟ್ಯೂಬಿನಿಂದ ಕಳಿಸಿದಳು. ನಾನು ಧಾರವಾಡದ ಕಡೆಯವಳು, ಯಕ್ಷಗಾನದ ಕಿವಿ ನನಗಿಲ್ಲ ಎಂದು ಅವಳಿಗೆ ಗೊತ್ತು. ಅವಳು ಬರೆದದ್ದು ಇಷ್ಟು: 'ಮೊದಲು ಚೆಂಡೆಯ ಅಬ್ಬರ ಜಾಸ್ತಿ ಅನ್ನಿಸೀತು, ಸೈರಿಸಿಕೋ. ಎರಡು ನಿಮಿಷ ಆದಮೇಲೆ ಭಾಗವತರು ದನಿ ಮೇಲೆ ಒಯ್ದು ಅಲ್ಲೇ ನಿಲ್ಲಿಸ್ತಾರೆ, ಚೆಂಡೆಯೂ ನಿಲ್ಲುತ್ತೆ. ಆಗ ಕೂತ ಜನ ಏನು ಮಾಡ್ತಾರೆ ಕೇಳು.'

ಕೇಳಿದೆ. ಟೇಪಿನ ಸುಯ್ಯೆನ್ನುವ ಸದ್ದು, ಮದ್ದಳೆ, ಯಾರೋ ಕೆಮ್ಮಿದ್ದು, ದೂರದಲ್ಲಿ ಮಗುವಿನ ಅಳು. ಅವಳು ಹೇಳಿದ ಜಾಗ ಬಂತು. ದನಿ ಮೇಲೇರಿ ನಿಂತಿತು. ಬಯಲಲ್ಲಿ ಕೂತ ಜನ ಒಂದೇ ಸಲ ಉಸಿರು ಬಿಟ್ಟಂತೆ ಒಂದು ಸದ್ದು ಎದ್ದಿತು, ಚಪ್ಪಾಳೆ ಆಮೇಲೆ ಬಂತು. ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತೆರಡು ತುಂಬಿರಲಿಲ್ಲ. ಅವರ ಆಟವನ್ನು ಕಣ್ಣಾರೆ ನೋಡದ ಹುಡುಗರು ಇವತ್ತು ಅವರ ದನಿಯನ್ನು ಆರಾಧಿಸುತ್ತಾರೆಂದರೆ, ಆಗ ಟೇಪ್ ರೆಕಾರ್ಡರ್ ಹಿಡಿದು ರಾತ್ರಿಯಿಡೀ ಕೂತವರಿಗೂ, ಆ ಕ್ಯಾಸೆಟ್ಟುಗಳನ್ನು ಈಗ ಅಂತರ್ಜಾಲಕ್ಕೆ ಏರಿಸಿದವರಿಗೂ ಅದರ ಶ್ರೇಯ ಸಲ್ಲಬೇಕು. ನನಗಂತೂ ಅದು ತಲುಪಿದ್ದು ಗೆಳತಿ ಬರೆದ ಆ ನಾಲ್ಕು ಸಾಲಿನಿಂದ. ಅವಳು ಎಲ್ಲಿ ಕಿವಿ ಇಡಬೇಕೆಂದು ತೋರಿಸದಿದ್ದರೆ ಚೆಂಡೆಯ ಅಬ್ಬರಕ್ಕೇ ನಿಲ್ಲಿಸಿಬಿಡುತ್ತಿದ್ದೆ.

ಈಗ ನಿನ್ನದನ್ನು ತೆಗೆದುಕೋ. 2024ರಲ್ಲಿ ನೀನು ಹನುಮಾನ್‌ಕೈಂಡ್ ಅವರ 'ಬಿಗ್ ಡಾಗ್ಸ್' ರ‍್ಯಾಪನ್ನು ಗ್ರೂಪಿಗೆ ಹಾಕಿದೆ. ಇಂಗ್ಲಿಷ್ ಮಾತು, ಜೋರು ಸದ್ದು. ನಿಮ್ಮಪ್ಪ, ಮಾವ ಯಾರೂ ತೆರೆಯಲಿಲ್ಲ. ಆದರೆ ನೀನು ಹೀಗೆ ಬರೆದಿದ್ದರೆ? 'ಅಪ್ಪ, ಜಾತ್ರೆಯಲ್ಲಿ ಮರದ ಹಲಗೆಯ ದೊಡ್ಡ ಬಾವಿಯೊಳಗೆ ಗೋಡೆಯ ಮೇಲೇ ಬೈಕು, ಕಾರು ಓಡಿಸ್ತಾರಲ್ಲ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದಿರಿ. ಈ ಹಾಡನ್ನು ಅಂಥದೇ ಬಾವಿಯ ತಳದಲ್ಲಿ ನಿಂತು ಹಾಡಿದ್ದಾರೆ. ಸುತ್ತ ಗಾಡಿಗಳು ಓಡ್ತಿವೆ. ಹಾಡಿದವರು ಕೇರಳದವರು, ಬೆಂಗಳೂರಿನಲ್ಲಿ ಬೆಳಕಿಗೆ ಬಂದವರು. ಮಾತು ಅರ್ಥವಾಗದಿದ್ದರೂ ಪರವಾಗಿಲ್ಲ, ಮೂರು ನಿಮಿಷ ನೋಡಿ.' ನಿಮ್ಮಪ್ಪ ಕೌಂಟರಿನಿಂದ ಎದ್ದು ಹೊರಗೆ ಬಂದು ನೋಡುತ್ತಿದ್ದರು. ಹಾಡು ಅದೇ, ಲಿಂಕೂ ಅದೇ. ಅವರಿಗೂ ಆ ಹಾಡಿಗೂ ನಡುವೆ ಒಂದು ನೆನಪನ್ನು ನೀನು ಇಟ್ಟಿರುತ್ತಿದ್ದೆ.

ಹಾಗೆ ಬರೆಯಬೇಕಾದರೆ ನೀನು ಮೊದಲು ಸರಿಯಾಗಿ ಕೇಳಿರಬೇಕು. ಇದು ಮೂರನೆಯ ಮಾತು. ಈಗಿನ ಅಭ್ಯಾಸ ಏನಾಗಿದೆಯೆಂದರೆ, ಹಾಡು ಅರ್ಧ ಓಡುವಷ್ಟರಲ್ಲೇ ಕೈ ಶೇರ್ ಗುಂಡಿಯ ಮೇಲಿರುತ್ತದೆ. ಒಂದು ದಿನ ತಡೆ. ಬೆಳಿಗ್ಗೆ ಕೇಳಿದ್ದನ್ನು ರಾತ್ರಿ ಇನ್ನೊಮ್ಮೆ ಕೇಳು. ಎರಡನೆಯ ಸಲವೂ ಮೈ ಜುಮ್ಮೆಂದರೆ ಅದು ಎಲ್ಲಿ, ಯಾವ ಸಾಲಿಗೆ, ಯಾವ ವಾದ್ಯ ಬಂದಾಗ ಎಂದು ಗುರುತಿಸಿಕೋ. ಎರಡನೆಯ ಸಲಕ್ಕೆ ಸಪ್ಪೆ ಅನ್ನಿಸಿದರೆ ಕಳಿಸುವ ಗೋಜಿಗೆ ಹೋಗಬೇಡ. ಹೀಗೆ ಜರಡಿ ಹಿಡಿದರೆ ದಿನಕ್ಕೆ ಆರು ಕಳಿಸುವವಳು ವಾರಕ್ಕೆ ಒಂದು ಕಳಿಸುತ್ತೀಯ. ಆ ಒಂದನ್ನು ಜನ ಕಾಯುತ್ತಾರೆ.

ಕೇಳುವವರಿಗೆ ಕೇಳುವ ಅನುಕೂಲವನ್ನೂ ಮಾಡಿಕೊಡು. ಫೋನಿನ ಪುಟ್ಟ ಸ್ಪೀಕರಿನಲ್ಲಿ ತಂಬೂರಿಯ ಮಂದ್ರ ಕೇಳಿಸುವುದೇ ಇಲ್ಲ, ತಬಲಾದ ಎಡ ಬರೀ ಟಪಟಪ ಎನ್ನುತ್ತದೆ. 'ಇಯರ್‌ಫೋನ್ ಹಾಕಿ ಕೇಳಿ' ಎಂದು ಒಂದು ಮಾತು ಸೇರಿಸು. ಹಿಂದೂಸ್ತಾನಿಯ ರುಚಿ ಇಲ್ಲದವರಿಗೆ ಒಂದು ಗಂಟೆಯ ಖಯಾಲ್ ಕಳಿಸಬೇಡ. ಹಳೆಯ 78 ಆರ್‌ಪಿಎಂ ಮುದ್ರಿಕೆಗಳು ಅಂತರ್ಜಾಲದಲ್ಲಿ ಎಷ್ಟೊಂದು ಸಿಗುತ್ತವೆ. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ, ಅಷ್ಟರಲ್ಲೇ ರಾಗ ಮುಗಿಯಬೇಕು. ಮೊದಲ ಸಲ ಕೇಳುವವರಿಗೆ ಅದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಗದಗಿನ ಆ ಹುಡುಗನೂ ಒಳಗೆ ಹೋದದ್ದು ಅದೇ ಬಾಗಿಲಿಂದ. ಸೂಜಿಯ ಕರಕರದ ನಡುವೆ ಕರೀಂ ಖಾನರ ತೆಳುವಾದ, ಎತ್ತರದ, ಜೇನಿನಂಥ ದನಿ ಬರುತ್ತದೆ. ಅದು ಹಿಡಿಸಿದವರು ತಾವಾಗಿಯೇ ಮುಂದಿನದನ್ನು ಕೇಳುತ್ತಾರೆ.

ನಾಲ್ಕನೆಯದನ್ನು ಒತ್ತಿ ಹೇಳುತ್ತೇನೆ. ಹಾಡಿದವರ ಹೆಸರು ಹೇಳದೆ ಹಾಡು ಕಳಿಸಬೇಡ. ಭಾರತದಲ್ಲಿ ಗ್ರಾಮಫೋನಿಗೆ ಮೊಟ್ಟಮೊದಲು ಹಾಡಿದವರಲ್ಲಿ ಗೌಹರ್ ಜಾನ್ ಒಬ್ಬರು, 1902ರಲ್ಲಿ, ಕಲಕತ್ತೆಯಲ್ಲಿ. ಹಾಡು ಮುಗಿದ ಕೂಡಲೇ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಮುದ್ರಿಕೆ ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಇದು ಯಾರ ಹಾಡೆಂದು ತಿಳಿದು ಸರಿಯಾದ ಚೀಟಿ ಅಂಟಿಸಲು ಆ ಕೂಗು ಬೇಕಿತ್ತು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನೂರು ವರ್ಷದ ಮೇಲೂ ಆ ಹೆಸರು ಹಾಡಿನ ಬಾಲಕ್ಕೆ ಅಂಟಿಕೊಂಡೇ ಇದೆ.

ಇವತ್ತು ರೀಲುಗಳಲ್ಲಿ ನೋಡು. ಹಾಡಿನ ಹದಿನೈದು ಸೆಕೆಂಡು ಕತ್ತರಿಸಿ, ಯಾರದೋ ಮದುವೆಯ ಚಿತ್ರದ ಕೆಳಗೆ ಅಂಟಿಸಿರುತ್ತಾರೆ. ಹಾಡಿದವರು, ಬರೆದವರು, ರಾಗ ಹಾಕಿದವರು, ಎಲ್ಲ ಮಾಯ. 'ಸೋಜುಗದ ಸೂಜು ಮಲ್ಲಿಗೆ'ಯನ್ನು ಎಷ್ಟು ಜನ ಹಾಗೆ ಬಳಸಿದ್ದಾರೆ! ಅದು ಮಲೆ ಮಾದಪ್ಪನನ್ನು ನೆನೆಯುವ ಜನಪದ ಹಾಡು, ಚಾಮರಾಜನಗರದ ಆ ಬೆಟ್ಟದ ಸೀಮೆಯ ಭಕ್ತರ ಬಾಯಲ್ಲಿ ಬೆಳೆದದ್ದು. ಅನನ್ಯಾ ಭಟ್ ದನಿಯಲ್ಲಿ ಯೂಟ್ಯೂಬಿನಲ್ಲಿ ಹಬ್ಬಿತು. 2021ರ 'ಗರುಡ ಗಮನ ವೃಷಭ ವಾಹನ' ಸಿನಿಮಾದಲ್ಲಿ ಚೈತ್ರಾ ಆಚಾರ್ ಹಾಡಿದರು. ಇಷ್ಟನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿದರೆ, ಕೇಳಿದವರು ಅಲ್ಲಿಂದ ಮಾದಪ್ಪನ ಕಾವ್ಯಕ್ಕೆ, ಅದನ್ನು ಹಾಡುವ ಕಂಸಾಳೆಯವರಿಗೆ ದಾರಿ ಹುಡುಕಿಕೊಳ್ಳಬಹುದು. ಹೆಸರು ಗೊತ್ತಿಲ್ಲದಿದ್ದರೆ ಮುಂದಿನದನ್ನು ಹುಡುಕುವುದಾದರೂ ಹೇಗೆ?

ಹೆಸರಿನ ಜೊತೆಗೆ ಹಾಡಿದವರ ಹೊಟ್ಟೆಪಾಡೂ ಇದೆ. ಸ್ವಂತವಾಗಿ ಹಾಡು ಮಾಡುವ ಹುಡುಗ ಹುಡುಗಿಯರು ಈಗ ಕನ್ನಡದಲ್ಲಿ ಬಹಳ ಇದ್ದಾರೆ. ಸ್ಪಾಟಿಫೈಯಲ್ಲಿ ಒಂದು ಹಾಡನ್ನು ಮೂವತ್ತು ಸೆಕೆಂಡಾದರೂ ಕೇಳಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. 2024ರಿಂದ ಇನ್ನೊಂದು ನಿಯಮ: ಹನ್ನೆರಡು ತಿಂಗಳಲ್ಲಿ ಕನಿಷ್ಠ 1000 ಸಲ ಕೇಳದ ಹಾಡಿಗೆ ಅವರು ಹಣ ಕೊಡುವುದಿಲ್ಲ. ಹೊಸಬರಿಗೆ ಆ ಸಾವಿರ ದೊಡ್ಡ ಗುಡ್ಡ. ನೀನು ಹಾಡನ್ನು ಇಳಿಸಿಕೊಂಡು ಫೈಲು ಮಾಡಿ ಕಳಿಸಿದರೆ ಕೇಳಿದ ಯಾವ ಕಿವಿಯೂ ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ಕಲಾವಿದರದೇ ಚಾನೆಲಿನ ಲಿಂಕು ಕಳಿಸು. ನಿನ್ನ ಊರಿಗೆ ಅವರು ಹಾಡಲು ಬಂದರೆ ಟಿಕೆಟ್ ಕೊಂಡು ಹೋಗು, ಒಬ್ಬ ಗೆಳತಿಯನ್ನೂ ಕರೆದುಕೊಂಡು ಹೋಗು. ನಿನ್ನ ಉತ್ಸಾಹ ಅವರ ಅಡುಗೆಮನೆಗೂ ತಲುಪಲಿ.

ಹಾಡಿಗೆ ಹೇಳಿದ ಮಾತು ಸಿನಿಮಾ, ಧಾರಾವಾಹಿ, ನಾಟಕಗಳಿಗೂ ಸಲ್ಲುತ್ತದೆ. ಕನ್ನಡದ 'ಏಕಂ' ಸರಣಿ 2024ರಲ್ಲಿ ದೊಡ್ಡ ಒಟಿಟಿಗಳ ಹಂಗಿಲ್ಲದೆ ತನ್ನದೇ ಜಾಲತಾಣದಲ್ಲಿ ಬಿಡುಗಡೆಯಾಯಿತು. ಅಂಥವಕ್ಕೆ ಗೋಡೆ ತುಂಬ ಪೋಸ್ಟರಿಲ್ಲ. ನೋಡಿದವರು ಇನ್ನೊಬ್ಬರಿಗೆ ಹೇಳಿದರೇ ಉಂಟು. ಹೇಳುವಾಗ ಕಥೆಯ ತಿರುವನ್ನು ಮಾತ್ರ ಬಿಟ್ಟುಕೊಡಬೇಡ. ಯಾವ ಊರಿನ ಮಣ್ಣಿದೆ, ಯಾರ ಅಭಿನಯ ಕಾಡಿತು, ಎಷ್ಟು ಹೊತ್ತು ಬೇಕು, ಮನೆಮಂದಿಯೆಲ್ಲ ಕೂತು ನೋಡಬಹುದೋ ಇಲ್ಲವೋ, ಇಷ್ಟು ಹೇಳಿದರೆ ಸಾಕು. ಮನೆಮಂದಿಯ ಮಾತನ್ನು ಮರೆಯಬೇಡ. ಅಜ್ಜಿಯ ಎದುರು ಪೇಚಿಗೆ ಸಿಕ್ಕಿದವರು ಇನ್ನೊಮ್ಮೆ ನಿನ್ನ ಮಾತು ಕೇಳುವುದಿಲ್ಲ.

ಕಳಿಸಿದ ಮೇಲೆ ಬಿಟ್ಟುಬಿಡು. 'ಕೇಳಿದಿರಾ? ಇನ್ನೂ ಕೇಳಿಲ್ವಾ?' ಎಂದು ಬೆನ್ನು ಹತ್ತಿದರೆ ಹಾಡು ಸಾಲವಾಗಿಬಿಡುತ್ತದೆ. ನೀನು ಸಂಭ್ರಮದಲ್ಲಿದ್ದಾಗ ಅವರು ಲೆಕ್ಕ ಮುಗಿಸುವ ಚಿಂತೆಯಲ್ಲಿರಬಹುದು, ಮಗುವಿನ ಜ್ವರ ನೋಡುತ್ತಿರಬಹುದು. ಕೆಲವು ಹಾಡುಗಳು ತಿಂಗಳುಗಟ್ಟಲೆ ಹಾಗೇ ಬಿದ್ದಿದ್ದು, ಯಾವುದೋ ರಾತ್ರಿಯ ರೈಲಿನಲ್ಲಿ ಸಮಯಕ್ಕೆ ಒದಗುತ್ತವೆ. ಅವರು ಕೇಳಿದೆ ಎಂದಾಗ 'ಹೇಗಿತ್ತು?' ಎಂದು ಕೇಳಬೇಡ. ಅದಕ್ಕೆ 'ಚೆನ್ನಾಗಿತ್ತು' ಎಂಬ ಉತ್ತರ ರೆಡಿ ಇರುತ್ತದೆ. 'ಎಲ್ಲಿ ಹಿಡಿಸಿತು?' ಎಂದು ಕೇಳು. ಆಗ ಮಾತು ಶುರುವಾಗುತ್ತದೆ.

ಹಿಡಿಸಲಿಲ್ಲ ಎಂದರೆ? ಹಿಡಿಸಲಿಲ್ಲ, ಅಷ್ಟೇ. 'ನಿಮಗೆ ಟೇಸ್ಟೇ ಇಲ್ಲ' ಎಂಬ ಮಾತು ನಿನ್ನ ಬಾಯಲ್ಲಿ ಬರಬಾರದು. ಒಬ್ಬರ ಹಾಡನ್ನು ಹಳಿದರೆ ಅವರ ತಾರುಣ್ಯವನ್ನು, ಊರನ್ನು, ತಾಯಿ ಹಾಡುತ್ತಿದ್ದ ದನಿಯನ್ನು ಹಳಿದ ಹಾಗಾಗುತ್ತದೆ. ರುಚಿ ನಿಧಾನವಾಗಿ ಬೆಳೆಯುತ್ತದೆ. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರು ಹೆಚ್ಚು ಜನ ಕೇಳಿರದ, ಅಪರೂಪದ ರಾಗಗಳನ್ನು ಎತ್ತಿಕೊಂಡು ಹಾಡುತ್ತಿದ್ದರು. ಬೈಠಕ್ಕಿಗೆ ಹೊಸದಾಗಿ ಬಂದವರಿಗೆ ರಾಗದ ಹೆಸರೂ ಗೊತ್ತಿರುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಹಿರಿಯರು ತಾಳದ ಸಮ್ಮಿಗೆ ತಲೆದೂಗುವುದನ್ನು ನೋಡಿ ನೋಡಿ, ಓಹೋ ಇಲ್ಲಿ ಏನೋ ಆಯಿತು ಎಂದು ಕಿವಿ ಎಚ್ಚರವಾಗುತ್ತಿತ್ತು. ಯಾರೂ ಯಾರಿಗೂ ಪಾಠ ಹೇಳುತ್ತಿರಲಿಲ್ಲ. ಜೊತೆಗೆ ಕೂತು ಕೇಳುತ್ತಿದ್ದರು.

ಆದ್ದರಿಂದ ಊರಿಗೆ ಬಂದಾಗ ಫೋನನ್ನು ಸ್ಪೀಕರಿಗೆ ಜೋಡಿಸಿ, ಚಹಾದ ಹೊತ್ತಿಗೆ ಒಂದು ಹಾಡು ಹಾಕು. ಒಂದೇ ಸಾಕು. ಹಾಕಿದ ಮೇಲೆ ಅವರಿಗೆ ಹಿಡಿಸಿತೋ ಇಲ್ಲವೋ ಎಂದು ಮುಖ ನೋಡುತ್ತ ಕೂರಬೇಡ, ಕೇಳುವವರಿಗೆ ಮುಜುಗರವಾಗುತ್ತದೆ. ನೀನು ಹಾಡಿನೊಳಗೆ ಇರು. ನಡುವೆ ವಿವರಣೆ ಕೊಡಬೇಡ. ಮುಗಿದ ಮೇಲೆ ಒಂದು ನಿಮಿಷ ಯಾರೂ ಮಾತಾಡದಿದ್ದರೂ ಚಿಂತೆಯಿಲ್ಲ.

ಆಮೇಲೆ, 'ಈಗ ನಿಮ್ಮದೊಂದು ಹಾಕಿ' ಎನ್ನು. ಹಂಚಿಕೊಳ್ಳುವುದರಲ್ಲಿ ಪಡೆಯುವ ಭಾಗವೂ ಇದೆ, ನಿಮ್ಮ ವಯಸ್ಸಿನವರು ಮರೆಯುವುದು ಅದನ್ನೇ. ಆ್ಯಪು ನಿನಗೆ ಹಾಡು ಸೂಚಿಸುವುದು ನೀನು ಹಿಂದೆ ಏನು ಕೇಳಿದ್ದೀಯ, ಯಾವುದನ್ನು ನಡುವೆ ಬಿಟ್ಟೆ, ನಿನ್ನಂತೆ ಕೇಳುವ ಬೇರೆಯವರು ಏನು ಕೇಳಿದರು ಎಂಬ ಲೆಕ್ಕದಿಂದ. ಹಾಗಾಗಿ ಅದು ನಿನಗೆ ನಿನ್ನಂಥದ್ದನ್ನೇ ಮತ್ತೆ ಮತ್ತೆ ತಂದುಕೊಡುತ್ತದೆ. ನಿಮ್ಮಪ್ಪ ನಿನ್ನ ವಯಸ್ಸಿನಲ್ಲಿ ಪಿ. ಕಾಳಿಂಗರಾಯರ ಹಾಡಿಗೆ ಸೈಕಲ್ ನಿಲ್ಲಿಸಿ ನಿಂತದ್ದು ಯಾವ ಲೆಕ್ಕಕ್ಕೂ ಗೊತ್ತಿಲ್ಲ. ಕೇಳು, ಹೇಳುತ್ತಾರೆ. ಅವರು ಹಾಕಿದ ಹಾಡು ನಿನಗೆ ನಿಧಾನ ಅನ್ನಿಸಬಹುದು. ನಡುವೆ ಫೋನು ಮುಟ್ಟಬೇಡ, ಕೊನೆಯ ಸ್ವರದವರೆಗೂ ಕೇಳು. ನಿನ್ನ ಹಾಡಿಗೆ ಅವರಿಂದ ನೀನು ಬಯಸಿದ್ದೂ ಅದನ್ನೇ ಅಲ್ಲವೇ?

ಇನ್ನೊಂದು ಸಣ್ಣ ಕೆಲಸ ಮಾಡು. ಒಂದು ನೋಟ್‌ಬುಕ್ ಇಡು. ಇಷ್ಟವಾದ ಹಾಡು, ಹಾಡಿದವರು, ಬರೆದವರು, ನಿನಗೆ ಕೊಟ್ಟವರು ಯಾರು, ನೀನು ಯಾರಿಗೆ ಕೊಟ್ಟೆ, ಇಷ್ಟನ್ನು ಕೈಯಲ್ಲಿ ಬರೆದಿಡು. ಅಂತರ್ಜಾಲದಲ್ಲಿ ಇವತ್ತು ಇದ್ದದ್ದು ನಾಳೆ ಇರುತ್ತದೆಂಬ ಭರವಸೆಯಿಲ್ಲ. ಹಕ್ಕಿನ ತಕರಾರು ಬಂದು ವೀಡಿಯೊ ಅಳಿಸಿಹೋಗುತ್ತದೆ, ಚಾನೆಲ್ಲೇ ಮುಚ್ಚಿಹೋಗುತ್ತದೆ, ಲಿಂಕು ಒತ್ತಿದರೆ ಕಪ್ಪು ಪರದೆ. ಹೆಸರುಗಳು ನಿನ್ನ ಬಳಿ ಇದ್ದರೆ ಹಾಡನ್ನು ಇನ್ನೊಂದು ಕಡೆ ಹುಡುಕಬಹುದು. ಕೆಲವು ವರ್ಷ ಕಳೆದ ಮೇಲೆ ಆ ಪುಸ್ತಕ ತೆರೆದರೆ, ಯಾವ ಹಾಡಿನಿಂದ ಯಾರು ನಿನಗೆ ಹತ್ತಿರವಾದರು ಎಂಬುದೂ ಅಲ್ಲಿ ಕಾಣುತ್ತದೆ.

ಎಲ್ಲವನ್ನೂ ಹಂಚಲೇಬೇಕೆಂಬ ಕಟ್ಟಳೆಯೂ ಇಲ್ಲ. ಒಂದೆರಡು ಹಾಡು ನಿನ್ನೊಬ್ಬಳಿಗೇ ಇರಲಿ. ಎಷ್ಟು ಲೈಕು ಬಂತು, ನಾನೇ ಮೊದಲು ಕಂಡುಹಿಡಿದದ್ದಲ್ಲವೇ ಎಂಬ ಲೆಕ್ಕ ತಲೆಗೆ ಹೊಕ್ಕಿತೆಂದರೆ ಹಾಡಿನ ಸುಖ ಹಿಂದೆ ಸರಿಯುತ್ತದೆ. ಮೊದಲು ಕೇಳಿದವಳು ಎನ್ನಿಸಿಕೊಳ್ಳುವುದಕ್ಕಿಂತ ಚೆನ್ನಾಗಿ ಕೇಳಿಸಿದವಳು ಎನ್ನಿಸಿಕೊಳ್ಳುವುದು ಹೆಚ್ಚಿನದು. ನಿನ್ನ ಉತ್ಸಾಹಕ್ಕೆ ಆ ಯೋಗ್ಯತೆ ಇದೆ. ಒಬ್ಬರೂ ಕೇಳುವುದಿಲ್ಲ ಎಂಬ ಒಂದು ಬೇಸರಕ್ಕೆ ಅದನ್ನು ಬಲಿಕೊಡಬೇಡ.

ಈ ವಾರ ಹೀಗೆ ಮಾಡು. ಈಗ ನಿನ್ನ ಪಟ್ಟಿಯಲ್ಲಿರುವ ಹಾಡುಗಳಲ್ಲಿ ಎರಡನೆಯ ಸಲಕ್ಕೂ ನಿಲ್ಲುವ ಒಂದನ್ನು ಆರಿಸಿಕೋ. ಅದು ನಿಮ್ಮಪ್ಪನಿಗೆ ಯಾಕೆ ಹಿಡಿಸಬಹುದು ಎಂದು ನಾಲ್ಕು ಸಾಲು ಬರೆದು ಅವರೊಬ್ಬರಿಗೇ ಕಳಿಸು, ಭಾನುವಾರ ಬೆಳಿಗ್ಗೆ. ಇನ್ನೊಂದನ್ನು ನನಗೆ ಕಳಿಸು, ಬೇರೆಯದೇ ನಾಲ್ಕು ಸಾಲಿನ ಜೊತೆ. ರ‍್ಯಾಪಾದರೂ ಸರಿ, ಕೊರಿಯಾದವರದಾದರೂ ಸರಿ. ನಾನು ಪೂರ್ತಿ ಕೇಳುತ್ತೇನೆ, ಎಲ್ಲಿ ಹಿಡಿಸಿತೆಂದು ಬರೆಯುತ್ತೇನೆ. ಹಿಡಿಸದಿದ್ದರೆ ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಹಾಗೆ ಹೇಳಿದೆನೆಂದು ನಿಲ್ಲಿಸಬೇಡ, ಮುಂದಿನ ವಾರ ಮತ್ತೊಂದು ಕಳಿಸು.